ಸ್ವತಂತ್ರ ಪರಿವೀಕ್ಷಕರ ಅತಿಥಿಗೃಹ

ನಮ್ಮ ಅಣುವಿದ್ಯುತ್ ಸ್ಥಾವರದಲ್ಲಿ ಸುರಕ್ಷತೆಯೇ ಮೊದಲು. ಗೇಟಿನ ಮೇಲೆ ಹಾಗೆಂದು ಬರೆಸಿದ್ದೇವೆ, ವರ್ಷಕ್ಕೊಮ್ಮೆ ಬಣ್ಣವನ್ನೂ ಬಳಿಸುತ್ತೇವೆ. ಸಭೆಗಳ ನಡಾವಳಿ ಬರೆಯುವ ಗುಮಾಸ್ತನಾದ್ದರಿಂದ ಇದನ್ನು ನಾನು ಅಧಿಕೃತವಾಗಿ ಹೇಳಬಲ್ಲೆ.

ಕಳೆದ ವರ್ಷ ತಪಾಸಣೆಯ ಇಂಜಿನಿಯರಮ್ಮನವರು ತಂಪುನೀರಿನ ಕೊಳವೆಯಲ್ಲಿ ಬೆರಳುದ್ದದ ಬಿರುಕು ಕಂಡರು. ಕೊಳವೆಯ ಕೆಳಗಿನ ಪಂಪಿನ ಕೋಣೆಯಲ್ಲಿ ಅವರ ಗಂಡನೇ ಆಪರೇಟರು. ಆಕೆ ಓಡಿಕೊಂಡೇ ಮುಖ್ಯಸ್ಥರ ಬಳಿ ಬಂದರು.

“ಸಾರ್, ಸ್ಥಾವರ ನಿಲ್ಲಿಸಿ ಕೊಳವೆ ಬದಲಾಯಿಸ್ಬೇಕು. ಒಡೆದ್ರೆ ಕೆಳಗಿರೋರು ಉಳಿಯಲ್ಲ. ಅಷ್ಟಕ್ಕೇ ಮುಗಿಯೋದೂ ಇಲ್ಲ.”

“ನಮ್ಮ ಬಿರುಕನ್ನ ನಾವೇ ನೋಡಿದ್ರೆ ಪಕ್ಷಪಾತ ಆಗುತ್ತಮ್ಮ,” ಎಂದರು ಮುಖ್ಯಸ್ಥರು. “ಸ್ವತಂತ್ರ ಪರಿವೀಕ್ಷಕರು ನೋಡ್ಲಿ.”

ಪರಿವೀಕ್ಷಕರು ನಮ್ಮ ಅತಿಥಿಗೃಹದಲ್ಲೇ ಇರುತ್ತಾರೆ. ನಿಯಮದಂತೆ ಅವರಿಗೆ ಸ್ಥಾವರದ ಸಂಬಂಧ ಇರತಕ್ಕದ್ದಲ್ಲ. ಒಳಗೆ ಕಾಲಿಟ್ಟರೆ ಸಂಬಂಧ ಬೆಳೆಯುವುದರಿಂದ ಒಳಗೆ ಬರುವಂತಿಲ್ಲ. ನೌಕರರ ಮಾತು ಕೇಳಿದರೆ ಪ್ರಭಾವಕ್ಕೆ ಒಳಗಾಗುವುದರಿಂದ ಕೇಳಿಸಿಕೊಳ್ಳುವಂತಿಲ್ಲ. ಊಟ, ವಸತಿ, ಕಾರು ನಮ್ಮವೇ. ಅದು ಆತಿಥ್ಯ, ಸಂಬಂಧವಲ್ಲ. ಆಗ ಆ ಹುದ್ದೆಯಲ್ಲಿದ್ದವರು ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮೂರು ತಿಂಗಳಿಗೊಮ್ಮೆ, ಸ್ಥಾವರ ಕಾಣುವ ಕಿಟಕಿಗೆ ಬೆನ್ನು ಹಾಕಿ ಕೂತು “ಬಿರುಕು ಕಂಡುಬಂದಿಲ್ಲ” ಎಂದು ಬರೆಯುತ್ತಿದ್ದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಇಂಜಿನಿಯರಮ್ಮನವರು ಬಿರುಕಿನ ಫೋಟೋ ದೊಡ್ಡದು ಮಾಡಿಸಿ ಆ ಕಿಟಕಿಯ ಹೊರಗೆ ಎತ್ತಿ ಹಿಡಿದು ನಿಂತರು. ಮೇಷ್ಟ್ರು ತಿರುಗಿ ನೋಡಿಬಿಟ್ಟರು.

“ಅಯ್ಯೋ, ಇಷ್ಟುದ್ದ ಇದೆಯೇನಮ್ಮ!”

ನೋಡಿದ್ದರಿಂದ ಅವರ ಸ್ವಾತಂತ್ರ್ಯ ಹೋಯಿತು; ಸಂಜೆಗೇ ಮನೆಗೆ ಕಳಿಸಿದೆವು. ತೋರಿಸಿದ್ದಕ್ಕಾಗಿ ಇಂಜಿನಿಯರಮ್ಮನವರನ್ನು ವಜಾ ಮಾಡಿ, ಅವರ ಹೆಸರಿನಲ್ಲಿದ್ದ ಕ್ವಾರ್ಟರ್ಸನ್ನು ಹದಿನೈದು ದಿನದಲ್ಲಿ ಖಾಲಿ ಮಾಡಲು ನೋಟಿಸು ಕೊಟ್ಟೆವು.

ಆಮೇಲೆ ಸಭೆಗೆ ಹೊಳೆಯಿತು: ವಜಾ ಆದವರಿಗಿಂತ ಸಂಬಂಧವಿಲ್ಲದವರು ಇನ್ಯಾರು? ಖಾಲಿ ಹುದ್ದೆಗೆ ಆಕೆಯನ್ನೇ ಕರೆದರು. ಗಂಡ ಇಲ್ಲೇ ದುಡಿಯುತ್ತಾನೆಂಬ ಆಕ್ಷೇಪ ಬಂತು. “ಕೆಲಸದ ವೇಳೆಯಲ್ಲಿ ಗಂಡನನ್ನು ಗಂಡನೆಂದು ಪರಿಗಣಿಸತಕ್ಕದ್ದಲ್ಲ” ಎಂಬ ಉಪನಿಯಮ ಮಾಡಿ ಅದನ್ನು ಬಗೆಹರಿಸಿದೆವು. ಉಳಿದದ್ದು ಒಂದೇ ಷರತ್ತು: ಬಿರುಕನ್ನು ತಾವು ಎಂದೂ ನೋಡಿಲ್ಲವೆಂದು ಆಕೆ ಬರೆದುಕೊಡಬೇಕು.

ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು, ಕಟ್ಟಿಟ್ಟ ಸಾಮಾನು. ಆಕೆ ಎರಡು ದಿನ ಅತ್ತು ಮೂರನೆಯ ದಿನ ಸಹಿ ಹಾಕಿದರು. ಆ ಪತ್ರವನ್ನು ಟೈಪು ಮಾಡುವಾಗ ನನಗೆ ಮೈಯೆಲ್ಲ ಉರಿಯಿತು. ಆದರೂ ಒಂದು ತಪ್ಪಿಲ್ಲದೆ ಟೈಪು ಮಾಡಿದೆ.

ಮೊನ್ನೆ ವರದಿಗೆ ಸಹಿ ಹಾಕಿಸಲು ಅತಿಥಿಗೃಹಕ್ಕೆ ಹೋಗಿದ್ದೆ. ಆಕೆಗೆ ಫೋನು ಬಂತು. ಪಂಪಿನ ಕೋಣೆಯಿಂದ ಗಂಡ ಕೂಗುತ್ತಿದ್ದುದು ನನಗೂ ಕೇಳಿಸಿತು.

“ಬಿರುಕು ಮೊಳ ಉದ್ದ ಆಗಿದೆ ಕಣೇ! ನೀರು ಪಾದ ಮುಳುಗಿಸ್ತಿದೆ. ನೀನಾದ್ರೂ ಅವರಿಗೆ ಹೇಳೇ!”

ಆಕೆ ನನ್ನ ಮುಖ ನೋಡಿದರು. ನಾನು ಫೈಲು ನೋಡಿದೆ.

“ರೀ, ನೀವು ನೌಕರರು. ನಿಮ್ಮ ಮಾತು ನಾನು ಕೇಳಿಸ್ಕೊಳ್ಳೋ ಹಾಗಿಲ್ಲ,” ಎಂದು ಆಕೆ ಫೋನಿಟ್ಟರು. ಕಿಟಕಿಗೆ ಬೆನ್ನು ಹಾಕಿ ಕೂತು “ಬಿರುಕು ಕಂಡುಬಂದಿಲ್ಲ” ಎಂಬುದರ ಕೆಳಗೆ ಸಹಿ ಮಾಡಿದರು.

ಅಂದಿನ ಸುತ್ತೋಲೆಯನ್ನೂ ಅವರ ಮುಂದಿಟ್ಟೆ: “ಪಂಪಿನ ಕೋಣೆಯ ಸಿಬ್ಬಂದಿ ನಾಳೆಯಿಂದ ಗಂಬೂಟು ಧರಿಸತಕ್ಕದ್ದು. ಸುರಕ್ಷತೆಯೇ ಮೊದಲು.”

ಆಕೆ ಅದನ್ನು ಎರಡು ಸಲ ಓದಿದರು.

“ಆ ಪಂಪಿನ ಆಪರೇಟರಿಗೆ ಒಂಬತ್ತನೇ ನಂಬರು ಆಗುತ್ತೆ,” ಎಂದರು. “ಬರ್ಕೊಳ್ಳಿ.”

ಬರೆದುಕೊಂಡೆ.