ನೀಲಿ ಹಾಲಿನ ತನಿಖೆ

ನಾನು ಹೇಳಿದ್ದನ್ನು ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಮೇಲೆ ಯಾವ ಗಂಡಸಿಗೂ ಇದು ದೂರಾಗಿ ಉಳಿದಿರುವುದಿಲ್ಲ. ಆದರೆ ಅದೇ ಮಾತನ್ನು ಟೀವಿಯಲ್ಲಿ ಯಾರಾದರೂ ಹೇಳಿದರೆ ಮನೆಮಂದಿಯೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಈ ಮೆಣಸಿನಪುಡಿ ಯಾಕೋ ಅತಿಯಾಗಿ ಕೆಂಪಗಿದೆಯಲ್ಲ ಎಂದು ನಾನು ಎಷ್ಟು ಸಲ ಗೊಣಗಿಲ್ಲ! "ಸುಮ್ನೆ ತಿಂದು ಏಳಿ" ಎನ್ನುತ್ತಿದ್ದ ನನ್ನ ಹೆಂಡತಿ ಸರೋಜ, ಮೆಣಸಿನಪುಡಿಗೆ ಇಟ್ಟಿಗೆ ಪುಡಿ ಬೆರೆಸುವುದನ್ನು ಟೀವಿಯಲ್ಲಿ ಕಂಡ ಸಂಜೆ ಇಡೀ ಡಬ್ಬಿಯನ್ನು ತಿಪ್ಪೆಗೆ ಸುರಿದು ಬಂದಳು.

ಕೊಳ್ಳೇಗಾಲದಲ್ಲಿ ಮನೆಮನೆಗೂ ಕೇಬಲ್ಲು ಎಳೆಸಿಕೊಂಡ ಕಾಲದ ಮಾತು ಇದು. ವಾರಕ್ಕೊಂದು ಸಂಜೆ ಕನ್ನಡಕದ ಹೆಣ್ಣುಮಗಳೊಬ್ಬಳು ಬಗಲುಚೀಲದೊಳಗೆ ಕ್ಯಾಮೆರಾ ಇಟ್ಟುಕೊಂಡು ಅಂಗಡಿಗಳಿಗೆ ನುಗ್ಗಿ, ಕಲಬೆರಕೆ, ತೂಕದ ಮೋಸ ಎಲ್ಲವನ್ನೂ ಹಿಡಿದು ತೋರಿಸುತ್ತಿದ್ದಳು. ಕೊನೆಗೆ ಅಂಗಡಿಯವನ ಬಾಯಿಗೆ ಮೈಕು ಹಿಡಿದು, "ಜನರಿಗೆ ನೀವು ಏನು ಉತ್ತರ ಕೊಡ್ತೀರಿ?" ಎಂದು ಕೇಳುವಳು. ನಮ್ಮೂರಿಗೆ ಅವಳು ಬರಲೇ ಇಲ್ಲ. ಬರುವ ಅಗತ್ಯವೂ ಬೀಳಲಿಲ್ಲ. ಬಗಲುಚೀಲ ಹಾಕಿಕೊಂಡು ಯಾರು ಬಂದರೂ ಸರಿ, ಸಂತೆಯಲ್ಲಿ ತರಕಾರಿಯವರು ಹುಳುಕಿಲ್ಲದ ಬದನೆಕಾಯಿ ಆರಿಸಿ ತೂಗಿ, ಮೇಲೆ ಒಂದು ಹಿಡಿ ಕೊಸರು ಹಾಕಿ, ಚೀಲದ ಕಡೆ ನೋಡಿ ನಗುತ್ತಿದ್ದರು. ನಾನೂ ಒಂದು ಬಗಲುಚೀಲ ಕೊಂಡೆ. ಕಾಮಗೆರೆಯಲ್ಲಿರುವ ನಮ್ಮಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳು ಕೂಡ ಔಷಧಿ ಅಂಗಡಿಯವನಿಗೆ, "ಡೇಟು ಓದ್ಲಾ ಮಗ. ಗಟ್ಟಿಯಾಗಿ ಓದು, ನಂಗೂ ಕೇಳ್ಲಿ" ಎನ್ನುವ ಮಟ್ಟಕ್ಕೆ ಬಂದಳು. ಅವನು ಓದುವ ತನಕ ದುಡ್ಡು ಬಿಚ್ಚುತ್ತಿರಲಿಲ್ಲ. ಆ ಕನ್ನಡಕದ ಹುಡುಗಿಯ ಮೇಲೆ ನನಗೆ ಆಗಲೂ ಗೌರವವಿತ್ತು, ಈಗಲೂ ಇದೆ. ಮುಂದೆ ನಡೆದದ್ದಕ್ಕೆ ಅವಳನ್ನು ಯಾರೂ ದೂರಬಾರದು.

ಒಂದು ವಾರ ಹಾಲಿನ ಸರದಿ ಬಂತು. ಹಾಲಿಗೆ ಗಂಜಿಯನ್ನೋ ಹಿಟ್ಟನ್ನೋ ಬೆರೆಸಿ ಗಟ್ಟಿ ಮಾಡುತ್ತಾರಂತೆ. ನಾಲ್ಕು ಹನಿ ಅಯೋಡಿನ್ ಬಿಟ್ಟರೆ ಅಂಥ ಹಾಲು ನೀಲಿಯಾಗುತ್ತದಂತೆ. ಬರೆದುಕೊಳ್ಳೋಣವೆಂದು ನಾನು ಪೆನ್ಸಿಲ್ ಹುಡುಕಿಕೊಂಡು ಬರುವಷ್ಟರಲ್ಲಿ ಅರ್ಧ ಮುಗಿದಿತ್ತು. ನೀಲಿಯಾದದ್ದನ್ನು ಮಾತ್ರ ಕಣ್ಣಾರೆ ಕಂಡೆ, ಅಷ್ಟು ಸಾಕೆನಿಸಿತು. ನಾನು ಹೈಸ್ಕೂಲಿನಲ್ಲಿ ಗುಮಾಸ್ತ. ಮಾರನೆಯ ದಿನವೇ ವಿಜ್ಞಾನದ ಶಿವಮಲ್ಲಪ್ಪ ಮೇಷ್ಟರನ್ನು ಕಾಡಿ ಬೇಡಿ ಒಂದು ಪುಟ್ಟ ಸೀಸೆಯಲ್ಲಿ ಅಯೋಡಿನ್ ತಂದೆ.

ನಮ್ಮ ಬೀದಿಯ ಒಂಬತ್ತು ಮನೆಗೆ ತಿಂಗಳ ಲೆಕ್ಕದಲ್ಲಿ ದಿನಾ ವರ್ತನೆ ಹಾಲು ಹಾಕುತ್ತಿದ್ದವಳು ಮಧುವನಹಳ್ಳಿಯ ನಿಂಗಮ್ಮ. ಹದಿನೈದು ವರ್ಷದಿಂದ ಮಳೆಯಿರಲಿ, ಹಬ್ಬವಿರಲಿ, ಒಂದು ದಿನ ತಪ್ಪಿಸಿದವಳಲ್ಲ. ಪರೀಕ್ಷೆಗೆ ನಾನು ಭಾನುವಾರವನ್ನೇ ಆರಿಸಿದೆ, ಯಾಕೆಂದರೆ ಬೀದಿಯವರೆಲ್ಲ ಮನೆಯಲ್ಲಿರುತ್ತಾರೆ. ಸರೋಜ ಎಂದಿನಂತೆ ಪಾತ್ರೆಯ ಬಾಯಿಗೆ ಬಟ್ಟೆ ಹಾಸಿ ಹಾಲು ಹಾಕಿಸಿಕೊಂಡಳು. ನಾನು ಅದರಿಂದ ಒಂದು ಲೋಟ ಬಗ್ಗಿಸಿ, ಜಗಲಿಯ ಮೇಲಿಟ್ಟು, ಹನಿ ಬಿಟ್ಟೆ. ಹಾಲು ಮಸಿಕುಡಿಕೆಯಂತೆ ನೀಲಿಗಟ್ಟಿತು.

ನಾನು ಸೀಸೆಯನ್ನೇ ಮೈಕಿನಂತೆ ನಿಂಗಮ್ಮನ ಬಾಯಿಗೆ ಹಿಡಿದೆ. "ಜನರಿಗೆ ನೀವು ಏನು ಉತ್ತರ ಕೊಡ್ತೀರಿ?" ಎಂದೆ. ಹದಿನೈದು ವರ್ಷದಲ್ಲಿ ಅವಳನ್ನು 'ನೀವು' ಎಂದದ್ದು ಅದೇ ಮೊದಲು.

ಅವಳು ಸೀಸೆಯನ್ನು ನೋಡಿದಳು, ನನ್ನನ್ನು ನೋಡಿದಳು. "ನೀರಾಕಿದ್ದೀಯ ಅನ್ನಿ ಸಾ, ಬ್ಯಾಸ್ಗೆಲಿ ಒಂದೊಂದಿನ ಆಕಿವ್ನಿ, ಒಪ್ಕತೀನಿ. ಈ ನೀಲಿ ಮಾತ್ರ ನಾ ಕಾಣೆ. ನನ್ನೆಮ್ಮೆ ಆಣೆಗೂ ಕಾಣೆ!"

"ಗುಮಾಸ್ತ್ರು ಓದ್ದೋರು, ಸುಮ್ನೆ ಏಳ್ತಾರಾ?" ಎಂದರು ಪಕ್ಕದ ಮನೆ ರಾಜಮ್ಮ. ಅಂದು ಸಂಜೆಯೊಳಗೆ ಒಂಬತ್ತು ಮನೆಯವರೂ ವರ್ತನೆ ಬಿಡಿಸಿದರು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯೇ ಆಯಿತು. ನನ್ನ ಮಾತನ್ನು ಒಂದು ಇಡೀ ಬೀದಿ ನಂಬಿತ್ತು.

ಹೊಸದಾಗಿ ಗೊತ್ತುಮಾಡಿದವನ ಹಾಲೂ ನೀಲಿಯಾಯಿತು. ಅವನನ್ನೂ ಬಿಡಿಸಿ ಪ್ಯಾಕೆಟ್ ತಂದೆವು, ಸರೋಜ ಅಭ್ಯಾಸದಂತೆ ಸೋಸಿಟ್ಟ ಅದೂ ನೀಲಿಯಾಯಿತು. ಇಡೀ ತಾಲ್ಲೂಕೇ ಕೆಟ್ಟುಹೋಗಿದೆಯೆಂದು ತೀರ್ಮಾನಿಸಿ, ಟೀವಿಯವರಿಗೆ ಬರೆಯಲು ಕಾಗದ ತೆಗೆದು ಕೂತೆ. 'ಮಾನ್ಯರೇ' ಎಂದು ಬರೆಯುವಷ್ಟರಲ್ಲಿ ಸರೋಜ ಬಂದಳು. "ಏನ್ರಿ ಇದು, ಯಾರ ಹಾಲು ತಂದ್ರೂ ನಮ್ಮನೇಲಿ ನೀಲಿ ಆಗುತ್ತಲ್ಲ?" ಎಂದವಳೇ ನಲ್ಲಿ ನೀರನ್ನು ಅದೇ ಬಟ್ಟೆಯಲ್ಲಿ ಸೋಸಿ ತಂದು ನನ್ನ ಮುಂದಿಟ್ಟಳು. ಹನಿ ಬಿಟ್ಟೆ. ನೀರೂ ನೀಲಿಯಾಯಿತು!

ಆ ಸೋಸುವ ಬಟ್ಟೆ ನನ್ನ ಹಳೆಯ ಪಂಚೆಯಿಂದ ಹರಿದ ತುಂಡು. ಪಂಚೆಗೆ ಗಂಜಿ ಹಾಕುವುದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಕಡ್ಡಿಯಂತೆ ನೆಟ್ಟಗೆ ನಿಲ್ಲದ ಪಂಚೆಯನ್ನು ಉಟ್ಟು ನಾನು ಆಫೀಸಿಗೆ ಹೋದವನೇ ಅಲ್ಲ. ಶನಿವಾರ ಶನಿವಾರ ಒಗೆದ ಬಿಳಿ ಬಟ್ಟೆಯನ್ನೆಲ್ಲ ಬಾಚಿ ಅನ್ನದ ಗಂಜಿಯ ಬಕೆಟ್ಟಿಗೆ ಅದ್ದುವುದು ನನ್ನ ಕೆಲಸ. ಆ ರಾಶಿಯಲ್ಲಿ ಸೋಸುವ ಬಟ್ಟೆಯೂ ಇರುತ್ತಿತ್ತೆಂದು ನಾನೆಲ್ಲಿ ನೋಡಿದ್ದೆ! ಹಾಲಿಗೆ ಗಂಜಿ ಬೆರೆಸುತ್ತಿದ್ದ ಕಳ್ಳ ನಾನೇ. ಶಿವಮಲ್ಲಪ್ಪ ಮೇಷ್ಟರಿಗೆ ಹೇಳಿದರೆ, "ಸೋಸದೆ ಇರೋ ಹಾಲು ತಗೋಬೇಕು ಅಂತ ಟೀವಿಲಿ ಆಯಮ್ಮ ಮೊದಲೇ ಹೇಳಿದ್ಳಲ್ಲ, ಗುಮಾಸ್ತ್ರೇ" ಎಂದರು. ಆ ಹೊತ್ತಿನಲ್ಲಿ ನಾನು ಪೆನ್ಸಿಲ್ ಹುಡುಕುತ್ತಿದ್ದೆ.

ಸೈಕಲ್ ಹತ್ತಿ ಮಧುವನಹಳ್ಳಿಗೆ ಹೋದೆ. ನಿಂಗಮ್ಮ ಮನೆ ಮುಂದೆ ಎಮ್ಮೆಯ ಮೈ ತಿಕ್ಕುತ್ತಿದ್ದಳು. ಒಳಗೆ ಮಡಕೆಗಳ ತುಂಬ ಮಜ್ಜಿಗೆ ಹುಳಿತು ಕೂತಿತ್ತು. ನಡೆದದ್ದನ್ನೆಲ್ಲ ನಿಂತುಕೊಂಡೇ ಹೇಳಿದೆ. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಆಲು ಓದ್ರೆ ಓಗ್ಲಿ ಸಾ, ಎಮ್ಮೆ ನಾಳೀಕೂ ಕೊಟ್ಟದು. ನಲ್ಲಿ ತಾವ ನಮ್ಮೂರೆಂಗಸ್ರು ಕೇಳ್ತಾವ್ರೆ, ಏನ್ ಬೆರೆಸ್ತಿದ್ದೆ ನಿಂಗಿ ಅಂತ. ಅದ್ನ ಯಾವ ನೀರ್ಗೆ ತೊಳೀಲಿ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೆ ಎಮ್ಮೆಯ ಮೈ ತಿಕ್ಕುತ್ತ ಅವಳೇ ಹೇಳಿದಳು: "ನೀವೇ ಬೀದಿಲಿ ನಿಂತ್ಕಂಡು ಏಳಿ. ಅವತ್ತು ಎಷ್ಟು ಜೋರಾಗಿ ಏಳುದ್ರೋ ಅಷ್ಟೇ ಜೋರಾಗಿ."

ಹೇಳಿದೆ. ಆದರೆ ಆರೋಪವನ್ನು ಒಂದೇ ಏಟಿಗೆ ನಂಬಿದ ಬೀದಿ ತಪ್ಪೊಪ್ಪಿಗೆಯನ್ನು ನಂಬಲೊಲ್ಲದು. "ಪಾಪ, ಅವಳ ಮ್ಯಾಲೆ ಕನಿಕರ ಬಂದು ಇಂಗೇಳ್ತಾವ್ರೆ" ಎಂದರು ರಾಜಮ್ಮ. ಕೊನೆಗೆ ನಿಂಗಮ್ಮನನ್ನು ಕ್ಯಾನಿನ ಸಮೇತ ಕರೆದುಕೊಂಡು ಎಂಟು ಮನೆಯ ಬಾಗಿಲಿಗೂ ಹೋದೆ. ಒಂದು ಲೋಟಕ್ಕೆ ಅವಳ ಹಾಲು, ಇನ್ನೊಂದಕ್ಕೆ ನನ್ನ ಬಟ್ಟೆ ಹಿಂಡಿದ ನೀರು. ಹನಿ ಬಿಟ್ಟರೆ ಹಾಲು ಬರೀ ಹಳದಿ, ನನ್ನ ನೀರು ಕಡುನೀಲಿ. ಮಕ್ಕಳು ಮನೆಯಿಂದ ಮನೆಗೆ ಹಿಂದೆಯೇ ಬಂದು ನನ್ನ ಲೋಟ ನೀಲಿಯಾದಾಗಲೆಲ್ಲ ಚಪ್ಪಾಳೆ ತಟ್ಟಿದರು. ಎಂಟು ಮನೆಯವರೂ ವರ್ತನೆ ಮತ್ತೆ ಹಿಡಿದರು. ನಿಂಗಮ್ಮ ಬೀದಿಯ ಆ ತುದಿಯಿಂದ ಈ ತುದಿಗೆ ತಲೆಯೆತ್ತಿ ನಡೆದಳು. ಅದನ್ನು ನೋಡಿ ನನಗೂ ಜೀವ ಬಂದಂತಾಯಿತು.

ಒಂಬತ್ತನೆಯ ಮನೆ ನಮ್ಮದು. "ನಿಮ್ಗೂ ಆಕ್ತೀನಿ ಸಾ. ಆದ್ರೆ ನೀವು ನನ್ ಆಲ್ನ ನೋಡಿದ್ದಾಯ್ತು, ಇನ್ಮ್ಯಾಕೆ ನಾನು ನಿಮ್ ಪಾತ್ರೆ ನೋಡ್ತೀನಿ. ಪಾತ್ರೆ ನೀವೇ ತರ್ಬೇಕು, ಅಮ್ಮಾರಲ್ಲ" ಎಂದಳು. ತಮಾಷೆ ಮಾಡುತ್ತಿದ್ದಾಳೆಂದುಕೊಂಡೆ.

ತಮಾಷೆಯಲ್ಲ. ಇವತ್ತಿಗೂ ದಿನಾ ಬೆಳಿಗ್ಗೆ ನಾನು ಪಾತ್ರೆ ಹಿಡಿದು ಜಗಲಿಯಲ್ಲಿ ನಿಲ್ಲಬೇಕು. ಅವಳು ಅದನ್ನು ಬೋರಲು ಹಾಕಿ, ಒಳಗೆ ಬೆರಳಾಡಿಸಿ, ಮೂಸಿ, ಸೋಸುವ ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿ, ಬೀದಿಗೆಲ್ಲ ಕೇಳುವಂತೆ, "ಇವತ್ತು ಪರ್ವಾಗಿಲ್ಲ ಕಣ್ರವ್ವಾ!" ಎಂದು ಸಾರಿದ ಮೇಲೇ ಹಾಲು. ರಾಜಮ್ಮ ಇದನ್ನು ನೋಡುವುದಕ್ಕೆಂದೇ ಕಾಫಿ ಲೋಟ ಹಿಡಿದು ಬಾಗಿಲಿಗೆ ಬರುತ್ತಾರೆ. ನಿನ್ನೆ ಪಾತ್ರೆಯ ಕಂಠದಲ್ಲಿ ಸೋಪಿನ ನೊರೆ ಸಿಕ್ಕಿ ನಿಂಗಮ್ಮ ನನ್ನನ್ನು ಎರಡು ಸಲ ವಾಪಸು ಕಳಿಸಿದಳು. ಮೂರನೆಯ ಸಲ ಹಾಲು ಹಾಕಿಸಿಕೊಂಡು ಒಳಗೆ ಬರುವಾಗ ಸರೋಜ ಒಲೆಯ ಮುಂದಿನಿಂದ ತಿರುಗಿಯೂ ನೋಡದೆ ಕೇಳಿದಳು:

"ಪಾಸಾದ್ರಾ?"