ಅತ್ತೆಯ ಖಾತೆಗೆ ನುಗ್ಗಿದ ಕಳ್ಳ

ಅತ್ತೆ ದಿನಾ ಬೆಳಿಗ್ಗೆ ಟ್ಯಾಬ್ ಹಿಡಿದುಕೊಂಡು ಒಂದೇ ಬೆರಳಿನಲ್ಲಿ ಲಾಗಿನ್ ಆಗುವುದನ್ನು ನೋಡಿ ಅಳಿಯನಿಗೆ ಕರುಳು ಕಿತ್ತು ಬರುತ್ತಿತ್ತು. ಅವನು ಹೊಟ್ಟೆಪಾಡಿಗೆ ಸರ್ವರುಗಳಿಗೆ ಪ್ರೋಗ್ರಾಂ ಬರೆಯುವವನು. ಆಫೀಸಿನಲ್ಲಿ ನೂರಾರು ಯಂತ್ರಗಳು ತನ್ನ ಮಾತು ಕೇಳುವಾಗ ಮನೆಯಲ್ಲೇ ಇಂಥ ಕೈಕೆಲಸ ನಡೆಯುವುದು ತನ್ನ ಕೀರ್ತಿಗೆ ಕಳಂಕ ಎಂದು ಅವನ ಭಾವನೆ. (ಮನೆಯಲ್ಲಿ ಅವನ ಮಾತನ್ನು ಯಾರು ಕೇಳುತ್ತಿದ್ದರು ಎಂಬುದು ಬೇರೆ ಪ್ರಶ್ನೆ.)

ವಿಷಯ ಇಷ್ಟೆ. ಅತ್ತೆಗೆ ಮಂಡಿನೋವು. ಬೆಚ್ಚನೆಯ ನೀರಿನ ಕೊಳದಲ್ಲಿ ತಪ್ಪದೆ ವ್ಯಾಯಾಮ ಮಾಡಿದರೆ ಮೆಟ್ಟಿಲು ಹತ್ತಬಹುದು ಎಂದಿದ್ದರು ಡಾಕ್ಟರು. ಹತ್ತಬೇಕಾದದ್ದು ಅತ್ತೆಯ ಅಕ್ಕನ ಮನೆಯ ಮೆಟ್ಟಿಲು. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಅಕ್ಕನಿಗೆ ಇಳಿಯಲಾಗದು, ತಂಗಿಗೆ ಹತ್ತಲಾಗದು. ವರ್ಷದಿಂದ ಅಕ್ಕ ಬಾಲ್ಕನಿಯಲ್ಲೂ ತಂಗಿ ಬೀದಿಯಲ್ಲೂ ನಿಂತು ಕೂಗಿ ಕೂಗಿ ಮಾತಾಡುತ್ತಿದ್ದುದರಿಂದ ಎರಡೂ ಮನೆಯ ಗುಟ್ಟು ಬೀದಿಗೆಲ್ಲ ಬಾಯಿಪಾಠವಾಗಿತ್ತು.

ಕೊಳದಲ್ಲಿ ದಿನಕ್ಕೆ ಎಂಟೇ ಜಾಗ. ಮರುದಿನದ ಜಾಗಗಳನ್ನು ಗುಮಾಸ್ತ ಬೆಳಿಗ್ಗೆ ಆರಾದ ಮೇಲೆ ತನಗೆ ತೋಚಿದಾಗ ವೆಬ್‌ಸೈಟಿನಲ್ಲಿ ಬಿಡುತ್ತಿದ್ದ. ಅಷ್ಟು ಹೊತ್ತಿಗೆ ಒಳಗೆ ಹೋಗಿ ಕಾದು ಕೂತಿರಬೇಕು. ಹೋಗಲು ಎರಡು ಬಾಗಿಲು. ಮೊದಲು ಬೂದು ಬಣ್ಣದ ಸಣ್ಣ ಚೌಕವೊಂದು ಎದ್ದು ಬಂದು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಅದಕ್ಕೆ ಸಮಾಧಾನವಾದರೆ ಒಳಗಿನ ಪುಟ ಸದಸ್ಯರ ಸಂಖ್ಯೆ, ಇನ್ನೊಂದು ಪಾಸ್‌ವರ್ಡ್ ಕೇಳುತ್ತದೆ.

ಅಳಿಯ ಶನಿವಾರವಿಡೀ ಕೂತು ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆದ. ಎಲ್ಲೋ ದೂರದ ಸರ್ವರಿನಲ್ಲಿ ಕೂತ ಅದು ಆರು ಗಂಟೆಗೆ ಸರಿಯಾಗಿ ಎರಡೂ ಬಾಗಿಲಿಗೆ ಉತ್ತರ ಕೊಟ್ಟು ಒಳಗೆ ಹೋಗಿ, ಜಾಗ ಬಿಟ್ಟ ಕ್ಷಣ ಹಿಡಿಯಬೇಕು. ಕೊನೆಯಲ್ಲೊಂದು ಸಾಲು: ಹೊರಹಾಕಿದರೆ ತಕ್ಷಣ ಮತ್ತೆ ಒಳಗೆ ಹೋಗು. ಅದನ್ನು ಹೆಂಡತಿಗೆ ಮೂರು ಸಲ ಓದಿ ಹೇಳಿದ.

"ಹೊರಗೆ ಹಾಕಿದ್ರೂ ಮತ್ತೆ ಹೋಗುತ್ತಾ? ಮಾನ ಮರ್ಯಾದೆ ಬೇಡ್ವಾ ಅದಕ್ಕೆ?" ಎಂದಳು ಅವಳು.

"ಅತ್ತೆ, ನಾಳೆಯಿಂದ ನೀವು ಆರಾಮಾಗಿ ಮಲಗಿ. ಎಲ್ಲಾ ತಾನಾಗೇ ಆಗುತ್ತೆ."

ಅತ್ತೆ ತಲೆಯಾಡಿಸಿದರು. ಆದರೆ ಅವರದು ತಾಯಿಕರುಳು. ಹೊಸ ಸ್ಕ್ರಿಪ್ಟು ಮೊದಲ ದಿನವೇ ಎಡವಿದರೆ ಅಳಿಯಂದಿರ ಮುಖ ಸಣ್ಣದಾಗುತ್ತದಲ್ಲ ಎಂದು, ಭಾನುವಾರ ಆರಕ್ಕೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ತಾವೂ ಲಾಗಿನ್ ಆದರು.

ಆ ವೆಬ್‌ಸೈಟು ಒಂದು ಖಾತೆಯಲ್ಲಿ ಒಂದು ಸಲಕ್ಕೆ ಒಬ್ಬರನ್ನೇ ಇಟ್ಟುಕೊಳ್ಳುತ್ತಿತ್ತು. ಅತ್ತೆ ಹೋದರೆ ಸ್ಕ್ರಿಪ್ಟು ಹೊರಗೆ, ಸ್ಕ್ರಿಪ್ಟು ಹೋದರೆ ಅತ್ತೆ ಹೊರಗೆ. ಅಭ್ಯಾಸಬಲದಿಂದ ಅತ್ತೆಯ ಒಂಟಿ ಬೆರಳು ಮರಕುಟಿಗನ ಕೊಕ್ಕಿನಂತೆ ಓಡುತ್ತಿತ್ತು. ಮಹಾಸಮರ ಶುರುವಾಯಿತು.

ಹಾಲ್‌ನಲ್ಲಿ ಲ್ಯಾಪ್‌ಟಾಪ್ ನೋಡುತ್ತಿದ್ದ ಅಳಿಯ ಎದ್ದು ನಿಂತ. "ಯಾವನೋ ಕಳ್ಳ ಅತ್ತೆ ಖಾತೆಗೆ ನುಗ್ತಾ ಇದಾನೆ ಕಣೇ! ಬಿಡಲ್ಲ ಇವನನ್ನ!"

ಕೋಣೆಯೊಳಗೆ ಅತ್ತೆ: "ಮತ್ತೆ ಬಂದ್ಯಾ ಮುಠ್ಠಾಳ? ವಯಸ್ಸಾದೋಳು ಅಂತ ಸದರ ಮಾಡ್ಕೊಂಡ್ಯಾ?"

"ಖದೀಮ! ಎಷ್ಟು ಸಲ ಓಡಿಸಿದ್ರೂ ಬರ್ತಾನೆ!"

"ಮಾನಗೆಟ್ಟೋನೇ, ನಡಿ ಆಚೆಗೆ!"

ನಡುವೆ ಹಲ್ಲುಜ್ಜುತ್ತ ನಿಂತಿದ್ದ ಹೆಂಡತಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಬ್ರಷ್ಷು ತೆಗೆದಳು. "ಇಬ್ಬರೂ ಸುಮ್ನಿರ್ತೀರಾ? ಕಳ್ಳರಿಬ್ಬರೂ ಈ ಮನೇಲೇ ಇದಾರೆ!"

ಅಷ್ಟರಲ್ಲಿ ಇಪ್ಪತ್ತು ಲಾಗಿನ್ ದಾಟಿತ್ತು. ಅನುಮಾನಾಸ್ಪದ ಚಟುವಟಿಕೆಯ ಕಾರಣ ಖಾತೆ ಒಂದು ತಿಂಗಳು ಬಂದ್ ಎಂದು ಪರದೆ ಘೋಷಿಸಿತು. ಗುಮಾಸ್ತ ಆಮೇಲೆ ನಿಧಾನವಾಗಿ ಬಂದು ಎಂಟೂ ಜಾಗಗಳನ್ನು ಬೇರೆಯವರಿಗೆ ಹಂಚಿದ.

"ಇರಲಿ ಬಿಡಿ ಅಳಿಯಂದಿರೇ," ಎಂದರು ಅತ್ತೆ. "ಅಕ್ಕನ ಹತ್ರ ಬೀದಿಯಿಂದಲೇ ಮಾತಾಡ್ತೀನಿ. ರೂಢಿಯಾಗಿದೆ."

ಬೈದಿದ್ದರೆ ಅವನಿಗೆ ಎಷ್ಟೋ ಹಾಯೆನಿಸುತ್ತಿತ್ತು. ನಾಚಿಕೆಯಿಂದ ಅವನು ತಕ್ಷಣ ಕೊಳದವರಿಗೆ ಫೋನು ಮಾಡಿದ. ಸದಸ್ಯರ ಪರವಾಗಿ ಯಾರಾದರೂ ಖುದ್ದಾಗಿ ಆರಕ್ಕೆ ಮುಂಚೆ ಕೌಂಟರಿಗೆ ಬಂದರೆ ಜಾಗದ ಚೀಟಿ ಕೊಡುತ್ತೇವೆ ಎಂದರು.

ಅಳಿಯ ಒಂದು ದಿನವೂ ತಪ್ಪಲಿಲ್ಲ. ಆಕಳಿಸುತ್ತ, ತಿರುವುಮುರುವು ಟೀಶರ್ಟಿನಲ್ಲಿ, ಚಳಿಯಲ್ಲೂ ಸಾಲಿನಲ್ಲಿ ನಿಂತ. ತಿಂಗಳ ಕೊನೆಗೆ ಅತ್ತೆ ಮೂರು ಮಹಡಿ ಹತ್ತಿದರು. ಹಿಂದೆ ಸ್ಟೂಲು ಹೊತ್ತುಕೊಂಡು ಅವನು. ಅಕ್ಕ ಬಾಗಿಲು ತೆಗೆದದ್ದೇ ಇಬ್ಬರೂ ಒಂದು ಗೇಣು ದೂರದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿಕೊಂಡರು. ಮೆಲ್ಲಗೆ ಮಾತಾಡುವುದೇ ಅವರಿಗೆ ಮರೆತುಹೋಗಿತ್ತು. ಆಮೇಲೆ ಅತ್ತರು. ಅಳಿಯನೂ ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಂಡ.

ಸಂಜೆ ಅವನು ಸಡಗರದಿಂದ ಸಾರಿದ. "ಅತ್ತೆ, ಖಾತೆ ತೆರೆದಿದೆ! ಸ್ಕ್ರಿಪ್ಟನ್ನೂ ಸರಿ ಮಾಡಿದೀನಿ. ನಾಳೆಯಿಂದ ಎಲ್ಲಾ ತಾನಾಗೇ ಆಗುತ್ತೆ."

"ಈಗಲೂ ತಾನಾಗೇ ಆಗ್ತಿದೆಯಲ್ಲ," ಎಂದರು ಅತ್ತೆ ಅಕ್ಕರೆಯಿಂದ. "ನಾನು ಏಳೋ ಹೊತ್ತಿಗೆ ಚೀಟಿ ಮೇಜಿನ ಮೇಲಿರುತ್ತೆ. ಆ ಯಂತ್ರಾನ ಹೊರಗೆ ಹಾಕ್ತಾರೆ, ನಿಮ್ಮನ್ನ ಯಾರೂ ಹಾಕಲ್ಲ. ಕೊಳದ ನನ್ನ ಮೂವರು ಗೆಳತಿಯರಿಗೂ ನಿಮ್ಮ ವಿಷಯ ಹೇಳಿದೀನಿ. ನಾಳೆಯಿಂದ ಅವರ ಚೀಟೀನೂ ತಂದ್ಬಿಡಿ, ಹೇಗಿದ್ರೂ ಹೋಗ್ತೀರಲ್ಲ."

ಅಳಿಯ ಸಹಾಯಕ್ಕಾಗಿ ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ಅವನ ಫೋನು ತೆಗೆದುಕೊಂಡು ಅಲಾರಂ ಅನ್ನು ಅರ್ಧ ಗಂಟೆ ಮುಂಚೆಗೆ ಇಡುತ್ತಿದ್ದಳು.