ಹೊಟ್ಟೆ ಉರಿಯ ಲೆಕ್ಕ

ಕರುಳಿನ ಕಾಯಿಲೆ ಹೆಚ್ಚುತ್ತಿದೆಯೋ ಇಲ್ಲವೋ ಎಂದು ವರ್ಷವರ್ಷವೂ ಮನೆಮನೆಗೆ ಹೋಗಿ ಬರೆದುಕೊಂಡು ಬರುವುದು ನನ್ನ ಕೆಲಸ. ತಿಪಟೂರಿನ ಸುತ್ತಮುತ್ತ ತೆಂಗಿನ ವಿಷಯ ಕೇಳಿದರೆ ಜನ ಕೂರಿಸಿ, ಎಳನೀರು ಕೊಟ್ಟು ಹೇಳುತ್ತಾರೆ. ಹೊಟ್ಟೆ ಕೆಟ್ಟಿದ್ದನ್ನು ಮಾತ್ರ ಹೇಳುವುದಿಲ್ಲ. "ನಾಚಿಕೆಪಟ್ಟು ಮುಚ್ಚಿಟ್ಟವರೇ ಆಮೇಲೆ ನರಳೋದು. ಹೇಗಾದರೂ ಬಾಯಿ ಬಿಡಿಸಿ" ಎನ್ನುತ್ತಾರೆ ನಮ್ಮ ಡಾಕ್ಟರು. ಬಾಯಿ ಬಿಡಿಸಲು ಹೋದಾಗಲೆಲ್ಲ ಏನಾದರೊಂದು ಫಜೀತಿ ಆಗದೆ ಇರುವುದಿಲ್ಲ.

ಪಕ್ಕದ ಮನೆ

ನನ್ನ ಹಾಳೆಯಲ್ಲಿ 'ಕರುಳಿನ ಉರಿಯೂತ' ಎಂದಿತ್ತು. ಅರ್ಥವಾಗಲಿ ಎಂದು ಬುದ್ಧಿವಂತಿಕೆ ಮಾಡಿ ಅರಳಗುಪ್ಪೆಯ ಅಜ್ಜಿಯೊಬ್ಬರನ್ನು ಕೇಳಿದೆ: "ಮನೇಲಿ ಯಾರಿಗಾದ್ರೂ ಹೊಟ್ಟೆ ಉರಿ ಇದೆಯಾ ಅಜ್ಜಿ?"

"ನಮ್ಮನೇಲಿ ಯಾರ್ಗೂ ಇಲ್ಲ ಕಣವ್ವ. ಅಗೋ, ಆ ಪಕ್ಕದ ಮನೆಯೋಳ್ಗೆ ಐತೆ."

ಪೆನ್ನು ತೆಗೆದೆ. "ಯಾವಾಗಿನಿಂದ?"

"ನಮ್ ಬೋರಲ್ಲಿ ನೀರು ಬಿದ್ದಾಗ್ಲಿಂದ."

ನೀರಿನ ದೋಷವಿರಬೇಕು ಎಂದು ಅದನ್ನೂ ಬರೆದುಕೊಂಡೆ. "ವಂಶದಲ್ಲಿ ಬೇರೆ ಯಾರಿಗಾದ್ರೂ?"

"ಅವ್ಳ ತವರಿಗೆ ತವರೇ ಹಂಗೆ."

"ಔಷಧಿ ತಗೊಳ್ತಿದಾರಾ?"

"ಅದ್ಕೆಲ್ಲಿ ಔಷ್ದಿ? ಹೋದ್ವರ್ಷ ನಾವು ಇನ್ನೊಂದು ಬೋರ್ ಹಾಕಿಸ್ದೋ, ಇನ್ನೂ ಜಾಸ್ತಿಯಾಯ್ತು!"

ಡಬ್ಬಿ

ಕಂದಿಕೆರೆಯ ಹಿರಿಯ ರೈತರೊಬ್ಬರಿಗೆ ಮಲಪರೀಕ್ಷೆಯ ಡಬ್ಬಿ ಕೊಟ್ಟೆ. ಬಾಯಿ ಬಿಡಿಸಬೇಕಾದ ನನಗೇ ಆ ಪದ ಹೇಳಲು ನಾಚಿಕೆ. "ಒಂಚೂರು ಸ್ಯಾಂಪಲ್ ಹಾಕಿಡಿ, ಬೆಳಗ್ಗೆ ಬರ್ತೀನಿ" ಎಂದು ಜಾರಿಕೊಂಡೆ.

ಬೆಳಗ್ಗೆ ಹೋದರೆ ಡಬ್ಬಿ ಭರ್ತಿ. "ಮೂರು ಮರದ ಬುಡದಿಂದ ಒಂದೊಂದ್ ಚೂರು ತೆಗ್ದು ಬೆರ್ಸಿದೀನಿ ಕಣವ್ವ" ಎಂದರು.

ಹೆದರುತ್ತಲೇ ಮುಚ್ಚಳ ತೆಗೆದೆ. ಒಳಗೆ ಕೆಮ್ಮಣ್ಣು!

"ತೆಂಗಿಗೆ ಗೊಬ್ರ ಎಷ್ಟು ಹಾಕ್ಬೇಕು ಅಂತ ಡಾಕ್ಟ್ರನ್ನ ಕೇಳ್ಕೊಂಡ್ಬಾ."

ಹತ್ತು ಸಲ

ಸಂಪಿಗೆ ಎಂಬ ಊರಿನ ಒಂದು ಮನೆಗೆ ಹೋದಾಗ ಹೆಂಡತಿ ಬಟ್ಟೆಯ ಚೀಲ ಹಿಡಿದು ತವರಿಗೆ ಹೊರಟು ನಿಂತಿದ್ದಳು. ಗಂಡ ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದ.

"ನೀವೇ ಕೇಳಿ ಮೇಡಮ್. ದಿನಕ್ಕೆ ಹತ್ತು ಸಲ ತೋಟಕ್ಕೆ ಓಡ್ತಾರೆ. ಉಣ್ತಾ ಉಣ್ತಾ ಎದ್ದೋಗ್ತಾರೆ. ಯಾಕೆ ಅಂದ್ರೆ ಮಾತಿಲ್ಲ. ಅಲ್ಲಿ ಯಾವಳನ್ನ ಇಟ್ಕಂಡವ್ರೆ ಕೇಳಿ!"

ಹತ್ತು ಸಲ ಎಂದದ್ದೇ ನನ್ನ ಕಿವಿ ನೆಟ್ಟಗಾಯಿತು. ಅವನನ್ನು ಆಚೆ ಕರೆದು, ಈ ಸಲ ನಾಚಿಕೆ ಬಿಟ್ಟು, "ಹೋದಾಗ ರಕ್ತ ಬೀಳುತ್ತಾ?" ಎಂದೆ.

ಅವನ ಕಣ್ಣು ತುಂಬಿತು. "ಬೀಳ್ತದೆ ಮೇಡಮ್. ಎರಡು ವರ್ಷ ಆಯ್ತು. ಹೆಂಡ್ರ ಮುಂದೆ ಇದ್ನೆಲ್ಲ ಹೆಂಗೆ ಹೇಳ್ಲಿ?"

ಸಂಸಾರ ಮುರಿದರೂ ಸರಿ, ಇದನ್ನು ಹೇಳಲಾರೆ ಎಂದು ಕೂತಿದ್ದ ಪುಣ್ಯಾತ್ಮ. ಪಾಪ ಅನ್ನಿಸಿತು. ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದ ಹೆಂಡತಿ ಚೀಲ ಕೆಳಗೆ ಹಾಕಿ ಓಡಿ ಬಂದಳು. "ಭೇದೀನಾ? ಯಾವಳೂ ಇಲ್ವಾ?" ಎಂದು ಅಳುತ್ತಲೇ ನಕ್ಕಳು. ಮಾರನೇ ದಿನ ತಾನೇ ಅವನನ್ನು ಆಸ್ಪತ್ರೆಗೆ ಕರೆತಂದಳು.

ಕಾಯಿಲೆ ನಿಜವಾಗಿತ್ತು. ಮಾತ್ರೆ ಹಿಡಿಯಿತು. ಮುಂದಿನ ವರ್ಷ ಹೋದಾಗ, "ಈಗ ಹೇಗಿದಾರೆ?" ಎಂದು ವಿಚಾರಿಸಿದೆ.

ಅವಳು ದನಿ ತಗ್ಗಿಸಿದಳು. "ಚೆನ್ನಾಗವ್ರೆ ಮೇಡಮ್. ಆದ್ರೆ ಮನೆ ಬಿಟ್ಟು ಕದಲಲ್ಲ. ಅಡುಗೆಮನೆ ಬಾಗ್ಲಲ್ಲೇ ಕೂತು, ಸಾರಿಗೆ ಉಪ್ಪು ಜಾಸ್ತಿ, ಮುದ್ದೆ ಮೆತ್ತಗಾಯ್ತು ಅಂತಾರೆ. ಡಾಕ್ಟ್ರಿಗೆ ಹೇಳಿ ಆ ಮಾತ್ರೆ ಒಂಚೂರು ಕಮ್ಮಿ ಮಾಡ್ಸಿ. ದಿನಕ್ಕೆ ನಾಕು ಸಲನಾದ್ರೂ ತೋಟಕ್ಕೆ ಹೋಗ್ಲಿ!"